ಒಂದು ಯುದ್ಧಕಾಲದ ಚಲಚ್ಚಿತ್ರವೂ ಶುಶ್ರೂಷಕಿಯರ ನಿಜವಾದ ಕಥೆಯೂ



ಲೋಕದಲ್ಲಿ ರೋಗಿಗಳ ಶುಶ್ರೂಷೆಯಷ್ಟು ಬಾಯಿತುಂಬ ಹೊಗಳಿಸಿಕೊಂಡ ಕೆಲಸವು ಇನ್ನೊಂದಿರಲಾರದು. ಅದರಷ್ಟು ಕಡಮೆಯಾಗಿ ತಿಳಿಯಲ್ಪಟ್ಟ ಕೆಲಸವೂ ಇನ್ನೊಂದಿರಲಾರದು. ಸಭೆಯಲ್ಲಿ ನಿಂತು ದಾದಿಯನ್ನು ದೇವತೆಯೆಂದು ಕೊಂಡಾಡುವವರೇ, ಮನೆಯಲ್ಲಿ ತಮ್ಮ ಮಗಳು ಆ ಕೆಲಸವನ್ನು ಕಲಿಯಲು ಹೋಗುವೆನೆಂದರೆ ಮೌನವನ್ನು ತಾಳುವುದುಂಟು. ಈ ಹೊಗಳಿಕೆಗೂ ಆ ಮೌನಕ್ಕೂ ಮೂಲವು ಒಂದೇ. ಆ ಕೆಲಸವು ಎಂತಹದು, ಅದನ್ನು ಮಾಡುವವಳ ದಿನವು ಹೇಗೆ ಸಾಗುವುದು ಎಂಬುದನ್ನು ನಾವು ನೋಡಿರುವುದಿಲ್ಲ. ನಾವು ನೋಡಿರುವುದು ಬಿಳಿಯ ಉಡುಪು, ಕೈಯ ದೀಪ, ಮಂದಹಾಸ ಇವುಗಳನ್ನು ಮಾತ್ರ. ಇವನ್ನು ನಮಗೆ ತೋರಿಸಿಕೊಟ್ಟವುಗಳಲ್ಲಿ ಚಲಚ್ಚಿತ್ರಗಳ ಪಾಲು ದೊಡ್ಡದು.

ಆದಕಾರಣ ಶುಶ್ರೂಷಕಿಯರನ್ನು ಕುರಿತ ಒಂದು ಹಳೆಯ ಯುದ್ಧಕಾಲದ ಚಿತ್ರವನ್ನು ತೆಗೆದುಕೊಂಡು, ತರಗತಿಯಲ್ಲಿ ಒಂದು ಪಾಠವನ್ನು ಓದುವಂತೆ ಅದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶವಾಗಿದೆ. ಮೊದಲು ಅದರ ಕಥೆ, ಆಮೇಲೆ ಗುಣಗಳು, ಅನಂತರ ದೋಷಗಳು, ಕಡೆಯಲ್ಲಿ ಆ ಚಿತ್ರವು ಹೇಳಲಾರದೆ ಹೋದ ಚರಿತ್ರೆ ಎಂಬ ಕ್ರಮದಲ್ಲಿ ನಡೆಯೋಣ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಈ ವೃತ್ತಿಯನ್ನು ಹಿಡಿದವರು ಇರುವುದರಿಂದಲೂ, ಈಗ ಓದುತ್ತಿರುವ ಬಾಲಿಕೆಯರಲ್ಲಿ ಹಿಡಿಯಬೇಕೆಂದಿರುವವರು ಇರುವುದರಿಂದಲೂ ಈ ವಿಚಾರವು ಅಪ್ರಸ್ತುತವಾಗದೆಂದು ನಂಬಿರುವೆನು.

ಚಿತ್ರವೂ ಅದರ ಕಥಾಸಾರವೂ

ಚಿತ್ರದ ಹೆಸರು ‘ಸೋ ಪ್ರೌಡ್ಲಿ ವೀ ಹೇಲ್’. ‘ಬಲು ಹೆಮ್ಮೆಯಿಂದ ನಾವು ವಂದಿಸುವೆವು’ ಎಂಬುದು ಇದರ ತಾತ್ಪರ್ಯ. ಈ ಮಾತುಗಳು ಅಮೆರಿಕದ ರಾಷ್ಟ್ರಗೀತೆಯಿಂದ ತೆಗೆದುಕೊಂಡವು. ಹಾಲಿವುಡ್ಡಿನ ಪ್ಯಾರಮೌಂಟ್ ಸಂಸ್ಥೆಯವರು ೧೯೪೩ನೆಯ ಇಸವಿಯಲ್ಲಿ ಇದನ್ನು ಹೊರತಂದರು. ನಿರ್ದೇಶಕನು ಮಾರ್ಕ್ ಸ್ಯಾಂಡ್ರಿಚ್. ಕಥೆ ಸಂಭಾಷಣೆಗಳನ್ನು ಬರೆದವನು ಆಲನ್ ಸ್ಕಾಟ್. ಕಪ್ಪು ಬಿಳುಪಿನ ಈ ಚಿತ್ರವು ಎರಡು ಗಂಟೆಗಳಿಗಿಂತ ತುಸು ಹೆಚ್ಚು ಕಾಲ ನಡೆಯುವುದು. ಆ ಕಾಲದ ಮೂವರು ಹೆಸರಾಂತ ನಟಿಯರಾದ ಕ್ಲೋಡೆಟ್ ಕೋಲ್ಬೇರ್, ಪಾಲೆಟ್ ಗೊಡಾರ್ಡ್, ವೆರೋನಿಕಾ ಲೇಕ್ ಎಂಬವರು ಮುಖ್ಯ ಪಾತ್ರಗಳನ್ನು ಧರಿಸಿರುವರು. ಚಿತ್ರಕ್ಕೆ ನಾಲ್ಕು ವಿಭಾಗಗಳಲ್ಲಿ ಅಕಾಡೆಮಿ ಬಹುಮಾನದ ನಾಮನಿರ್ದೇಶನವಾಯಿತು.

ಕಥೆಯು ತಿಳಿಯಬೇಕಾದರೆ ಭೂಪಟವನ್ನು ಒಮ್ಮೆ ನೆನಪಿಗೆ ತಂದುಕೊಳ್ಳಬೇಕು. ಫಿಲಿಪ್ಪೀನ್ ದ್ವೀಪಗಳು ಆಗ ಅಮೆರಿಕದ ಅಧೀನದಲ್ಲಿದ್ದುವು. ರಾಜಧಾನಿಯಾದ ಮನಿಲಾದ ಮುಂದೆ ದೊಡ್ಡದೊಂದು ಕೊಲ್ಲಿ. ಕೊಲ್ಲಿಯ ಪಶ್ಚಿಮಕ್ಕೆ ಕಾಡುಬೆಟ್ಟಗಳಿಂದ ತುಂಬಿದ ಬಟಾನ್ ಎಂಬ ಭೂಶಿರ. ಕೊಲ್ಲಿಯ ಬಾಯಲ್ಲಿ ಕೊರೆಜಿಡಾರ್ ಎಂಬ ಕೋಟೆಯ ದ್ವೀಪ. ೧೯೪೧ನೆಯ ಡಿಸೆಂಬರಿನಲ್ಲಿ ಜಪಾನೀಯರು ಪರ್ಲ್ ಬಂದರಿನ ಮೇಲೆ ಬಿದ್ದು, ಹಿಂದೆಯೇ ಫಿಲಿಪ್ಪೀನಿಗೂ ಮುತ್ತಿಗೆ ಹಾಕಿದರು. ಅಮೆರಿಕದ ಮತ್ತು ಫಿಲಿಪ್ಪೀನಿನ ಸೈನ್ಯಗಳು ಮನಿಲಾವನ್ನು ಬಿಟ್ಟು ಬಟಾನಿಗೆ ಹಿಂದೆಗೆದುವು. ೧೯೪೨ನೆಯ ಏಪ್ರಿಲ್ ೯ರಂದು ಬಟಾನ್ ಶರಣಾಯಿತು. ಮೇ ೬ರಂದು ಕೊರೆಜಿಡಾರ್ ಶರಣಾಯಿತು.

ಚಿತ್ರವು ತೆರೆಯುವಾಗ ಕೊರೆಜಿಡಾರಿನಿಂದ ಪಾರಾದ ಕೆಲವು ನರ್ಸುಗಳು ಹಡಗಿನಲ್ಲಿ ಸ್ವದೇಶಕ್ಕೆ ಮರಳುತ್ತಿರುವರು. ಅವರ ಮುಖಂಡಳಾದ ಲೆಫ್ಟಿನೆಂಟ್ ಜಾನೆಟ್ ಡೇವಿಡ್‌ಸನ್ ಮಾತಿಲ್ಲದೆ, ಅನ್ನಾಹಾರಗಳ ಮೇಲೆ ಮನಸ್ಸಿಲ್ಲದೆ, ಕಣ್ಣು ತೆರೆದೇ ಇದ್ದರೂ ಏನನ್ನೂ ಕಾಣದವಳಂತೆ ಇದ್ದಾಳೆ. ಇವಳಿಗೆ ಏನಾಯಿತೆಂದು ವೈದ್ಯನು ಕೇಳಲು ಜೊತೆಯವರು ಹಿಂದಿನ ಕಥೆಯನ್ನು ಬಿಚ್ಚಿ ಹೇಳುತ್ತಾರೆ. ಡೇವಿ ಎಂಬುದು ಅವಳ ಸಲಿಗೆಯ ಹೆಸರು. ಅವಳ ಕೈಕೆಳಗಿನ ಹುಡುಗಿಯರಲ್ಲಿ ಜೋನ್ ಓಡೂಲ್ ಎಂಬವಳು ನಗುಮುಖದ ಚಂಚಲೆ. ಒಲಿವಿಯಾ ಡಾರ್ಸಿ ಎಂಬವಳು ಯಾರೊಡನೆಯೂ ಬೆರೆಯದ ಕಠಿನ ಮುಖದವಳು. ಒಲಿವಿಯಾ ಮದುವೆಯಾಗಬೇಕಾಗಿದ್ದ ಯುವಕನು ಪರ್ಲ್ ಬಂದರಿನಲ್ಲಿ ಕೊಲ್ಲಲ್ಪಟ್ಟಿದ್ದನು. ಈ ಸಂಗತಿ ಹೊರಬಿದ್ದ ಮೇಲೆ ಅವಳ ಮುಖದ ಕಾಠಿನ್ಯವು ಅರ್ಥವಾಗುವುದು.

ಇವರೆಲ್ಲರೂ ಬಟಾನಿನ ಆಸ್ಪತ್ರೆಯನ್ನು ಸೇರುತ್ತಾರೆ. ಔಷಧಿಗಳು ಮುಗಿಯುತ್ತ ಬರುವುವು. ಗಾಯಾಳುಗಳು ಹೆಚ್ಚುತ್ತ ಬರುವರು. ಆಸ್ಪತ್ರೆಯ ಮೇಲೆಯೇ ಬಾಂಬುಗಳು ಬೀಳುವುವು. ಡೇವಿಯು ಜಾನ್ ಸಮ್ಮರ್ಸ್ ಎಂಬ ಸೈನಿಕಾಧಿಕಾರಿಯನ್ನು ಪ್ರೀತಿಸಿ, ಸೈನ್ಯದ ನಿಯಮವನ್ನು ಮೀರಿ ಮದುವೆಯಾಗುವಳು. ಶತ್ರುಗಳು ಸುತ್ತುವರಿದಾಗ ಒಲಿವಿಯಾ ತನ್ನ ಎದೆಯಲ್ಲಿ ಕೈಬಾಂಬನ್ನು ಬಚ್ಚಿಟ್ಟುಕೊಂಡು ಶರಣಾಗತಳಂತೆ ಅವರತ್ತ ನಡೆದು, ತನ್ನೊಡನೆ ಅವರನ್ನೂ ಸಾಯಿಸಿ ಗೆಳತಿಯರು ತಪ್ಪಿಸಿಕೊಳ್ಳಲು ದಾರಿ ಮಾಡಿಕೊಡುವಳು. ಉಳಿದವರು ಕೊರೆಜಿಡಾರಿನ ಸುರಂಗವನ್ನು ಸೇರುತ್ತಾರೆ. ಸಾಮಗ್ರಿಗಳನ್ನು ತರಲು ಮಿಂಡನಾವೊ ದ್ವೀಪಕ್ಕೆ ಹೋದ ಜಾನ್ ಹಿಂದಿರುಗುವುದಿಲ್ಲ. ಆ ಆಘಾತದಿಂದಲೇ ಡೇವಿ ಮೂಕಳಾದದ್ದು. ಕಡೆಯಲ್ಲಿ ಹಡಗಿನ ವೈದ್ಯನು ಜಾನ್ ಬರೆದ ಪತ್ರವನ್ನು ಅವಳಿಗೆ ಓದಿ ಹೇಳುವನು. ಆಗ ಅವಳ ಕಣ್ಣಿಗೆ ಜೀವ ಬರುವುದು. ಇಲ್ಲಿಗೆ ಚಿತ್ರವು ಮುಗಿಯಿತು.

ಚಿತ್ರದ ಗುಣಗಳು

ಮೊದಲನೆಯ ಗುಣವೆಂದರೆ, ಹೆಂಗಸರನ್ನು ಕಥೆಯ ನಡುವೆ ಇಟ್ಟಿರುವುದು. ಯುದ್ಧದ ಚಿತ್ರಗಳಲ್ಲಿ ಹೆಣ್ಣೆಂದರೆ ಬಂದರಿನಲ್ಲಿ ನಿಂತು ಕೈಬೀಸುವವಳು, ಇಲ್ಲವೆ ಮನೆಯಲ್ಲಿ ಕುಳಿತು ಕಾಗದಕ್ಕಾಗಿ ಕಾಯುವವಳು. ಇಲ್ಲಿ ಹಾಗಲ್ಲ. ಯುದ್ಧವೇ ಇವರ ಮೇಲೆ ಬಂದು ಬೀಳುತ್ತದೆ. ಆಜ್ಞೆ ಕೊಡುವವರೂ ಇವರೇ, ಪಾಲಿಸುವವರೂ ಇವರೇ, ಒಬ್ಬರನ್ನೊಬ್ಬರು ಗದರಿಸಿ ಸಂತೈಸಿಕೊಳ್ಳುವವರೂ ಇವರೇ.

ಎರಡನೆಯದು, ಕೊರತೆಯ ಚಿತ್ರಣ. ಬಟಾನಿನ ಸೋಲಿಗೆ ಶತ್ರುವಿನ ಫಿರಂಗಿಗಳಷ್ಟೇ ಹಸಿವೂ ಚಳಿಜ್ವರವೂ ಕಾರಣಗಳಾದುವು. ಸೈನ್ಯಕ್ಕೆ ಅರ್ಧ ಪಡಿ, ಆಮೇಲೆ ಅದಕ್ಕೂ ಕಡಮೆ. ಅಶ್ವದಳದ ಕುದುರೆಗಳನ್ನೇ ಕೊಂದು ತಿನ್ನಬೇಕಾಯಿತು. ಮಲೇರಿಯಾ ಹಬ್ಬಿದಾಗ ಕ್ವಿನೈನು ಸಾಲದೆ ಹೋಯಿತು. ಚಿತ್ರದಲ್ಲಿ ನರ್ಸುಗಳು ಇರುವುದನ್ನೇ ಹಂಚಿ ಹಂಚಿ ಕೊಡುವ ನೋಟಗಳಿವೆ. ಔಷಧವಿಲ್ಲದ ವಾರ್ಡಿನಲ್ಲಿ ದಾದಿಯು ಏನು ಮಾಡಬಲ್ಲಳು? ಗಾಯವನ್ನು ತೊಳೆಯಬಲ್ಲಳು, ಮಗ್ಗುಲು ಬದಲಿಸಬಲ್ಲಳು, ನೀರು ಕುಡಿಸಬಲ್ಲಳು, ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂದು ನಿರ್ಣಯಿಸಬಲ್ಲಳು. ಈ ನಿರ್ಣಯದ ಭಾರವು ಡೇವಿಯ ಮುಖದಲ್ಲಿ ದಿನೇ ದಿನೇ ಏರುವುದನ್ನು ಕೋಲ್ಬೇರ್ ಬಹು ಸಂಯಮದಿಂದ ಅಭಿನಯಿಸಿರುವಳು.

ಮೂರನೆಯದೂ ಎಲ್ಲಕ್ಕಿಂತ ದೊಡ್ಡದೂ ಆದ ಗುಣವು ಒಂದು ಚಿಕ್ಕ ಪ್ರಸಂಗದಲ್ಲಿದೆ. ಒಲಿವಿಯಾ ತನ್ನನ್ನು ಗಾಯಗೊಂಡ ಜಪಾನೀ ಸೆರೆಯಾಳುಗಳ ವಾರ್ಡಿಗೆ ಹಾಕಬೇಕೆಂದು ಕೇಳಿಕೊಳ್ಳುತ್ತಾಳೆ. ಅವಳ ಮನಸ್ಸಿನಲ್ಲಿ ಇರುವುದು ಸೇವೆಯಲ್ಲ, ಸೇಡು. ಅದನ್ನು ತಡವಾಗಿ ಅರಿತ ಡೇವಿ ರಾತ್ರಿಯಲ್ಲಿ ಗಾಬರಿಯಿಂದ ಅಲ್ಲಿಗೆ ಓಡುವಳು. ಅಲ್ಲಿ ಯಾರೂ ಸತ್ತಿಲ್ಲ. ಹಾಸಿಗೆಯ ಮೇಲೆ ನರಳುತ್ತಿರುವ ಮನುಷ್ಯನನ್ನು ಕಣ್ಣಾರೆ ಕಂಡ ಮೇಲೆ ಒಲಿವಿಯಾಳ ಕೈ ಕೊಲ್ಲುವುದಕ್ಕೆ ಏಳಲಿಲ್ಲ.

ಈ ಪ್ರಸಂಗದ ಹಿಂದೆ ಒಂದು ಧರ್ಮಸೂತ್ರವಿದೆ. ೧೮೫೯ರಲ್ಲಿ ಇಟಲಿಯ ಸೋಲ್ಫೆರೀನೋ ಎಂಬಲ್ಲಿ ಘೋರವಾದ ಕಾಳಗವಾಯಿತು. ಅಲ್ಲಿ ದಿಕ್ಕಿಲ್ಲದೆ ಬಿದ್ದಿದ್ದ ಗಾಯಾಳುಗಳನ್ನು ಕಂಡ ಹೆನ್ರಿ ಡ್ಯೂನಾನ್ ಎಂಬ ಸ್ವಿಸ್ ವರ್ತಕನು ಆರಂಭಿಸಿದ ಪ್ರಯತ್ನದಿಂದ ರೆಡ್ ಕ್ರಾಸ್ ಸಂಸ್ಥೆಯು ಹುಟ್ಟಿತು. ೧೮೬೪ರ ಜಿನೀವಾ ಒಪ್ಪಂದವು, ಗಾಯಗೊಂಡ ಸೈನಿಕನು ಯಾವ ದೇಶದವನಾದರೂ ಅವನನ್ನು ಎತ್ತಿ ತಂದು ಆರೈಕೆ ಮಾಡತಕ್ಕದ್ದೆಂದು ವಿಧಿಸಿತು. ಕಾಗದದ ಮೇಲೆ ಬರೆಯುವಾಗ ಈ ವಿಧಿಯು ಸುಲಭವಾಗಿ ಕಾಣುವುದು. ತನ್ನ ಪ್ರಿಯನನ್ನು ಕೊಂದ ಸೈನ್ಯದವನೊಬ್ಬನ ಗಾಯಕ್ಕೆ ಪಟ್ಟಿ ಕಟ್ಟಬೇಕಾದ ಹುಡುಗಿಯ ಕೈಯಲ್ಲಿ ಅದು ಎಷ್ಟು ಭಾರವಾಗುವುದೆಂಬುದನ್ನು ಈ ಚಿತ್ರವು ತೋರಿಸುವುದು. ಯುದ್ಧವು ಇನ್ನೂ ನಡೆಯುತ್ತಿರುವಾಗಲೇ, ಶತ್ರುವಿನ ಮೇಲೆ ಜನರ ಕೋಪವು ಕುದಿಯುತ್ತಿರುವಾಗಲೇ ಇಂತಹ ಪ್ರಸಂಗವನ್ನು ಇಟ್ಟದ್ದು ಸಾಮಾನ್ಯವಾದ ಧೈರ್ಯವಲ್ಲ.

ಚಿತ್ರದ ದೋಷಗಳು

ಆದರೆ ಅದೇ ಚಿತ್ರವು ತಾನು ಕಲಿಸಿದ ಪಾಠವನ್ನು ತಾನೇ ಅಳಿಸುತ್ತದೆ. ವಾರ್ಡಿನಲ್ಲಿ ಕೊಲ್ಲಲಾರದೆ ಹೋದ ಒಲಿವಿಯಾ ಮುಂದೆ ಕೈಬಾಂಬಿನಿಂದ ಕೊಲ್ಲುವಳು. ಪ್ರೇಕ್ಷಕರ ನೆನಪಿನಲ್ಲಿ ಉಳಿಯುವುದು ಈ ಎರಡನೆಯ ಒಲಿವಿಯಾಳೇ. ಗೆಳತಿಯರಿಗಾಗಿ ಪ್ರಾಣ ಕೊಟ್ಟ ಅವಳ ತ್ಯಾಗವನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ಆದರೂ ಶುಶ್ರೂಷಕಿಯರನ್ನು ಕೊಂಡಾಡಲು ಹೊರಟ ಚಿತ್ರವು ತನ್ನ ಅತ್ಯುನ್ನತವಾದ ಗಳಿಗೆಯನ್ನು ಆಯುಧವೊಂದರಲ್ಲಿ ಕಂಡಿತಲ್ಲಾ ಎಂಬುದನ್ನು ಮರೆಯಬಾರದು. ದಾದಿಯು ವೀರಳೆನಿಸಬೇಕಾದರೆ ಅವಳು ಸೈನಿಕನಂತೆ ಸಾಯಬೇಕು ಎಂಬ ಭಾವನೆಯು ಇದರಲ್ಲಿ ಅಡಗಿದೆ.

ಎರಡನೆಯದಾಗಿ, ಶತ್ರುವಿನ ಚಿತ್ರಣ. ಯುದ್ಧಕಾಲದ ಅಮೆರಿಕದ ಚಿತ್ರಗಳಲ್ಲಿ ಜಪಾನೀಯರನ್ನು ಇಡೀ ಕುಲವಾಗಿಯೇ ಹೀನವೆಂದು ತೋರಿಸುವ ಮಾತುಗಳು ಬಹಳ. ಈ ಚಿತ್ರವೂ ಅದರಿಂದ ಹೊರತಲ್ಲ. ಆ ಸೈನ್ಯವು ಬಟಾನಿನಲ್ಲಿ ಸೆರೆಸಿಕ್ಕವರನ್ನು ನಡೆಸಿಕೊಂಡು ಹೋದ ಮರಣಯಾತ್ರೆಯ ಕ್ರೌರ್ಯವು ನಿಜ, ಅದನ್ನು ಮರೆಮಾಡಬೇಕಾಗಿಲ್ಲ. ಆದರೆ ಸೈನ್ಯದ ಕ್ರೌರ್ಯವನ್ನು ಖಂಡಿಸುವುದು ಬೇರೆ, ಒಂದು ಜನಾಂಗವನ್ನೇ ಹಳಿಯುವುದು ಬೇರೆ. ಇಂದು ಮಕ್ಕಳೊಡನೆ ಕುಳಿತು ನೋಡುವ ತಾಯಿಯು ಈ ಭೇದವನ್ನು ಬಿಡಿಸಿ ಹೇಳಬೇಕಾಗುವುದು.

ಮೂರನೆಯದಾಗಿ, ಅಲಂಕಾರ. ವೆರೋನಿಕಾ ಲೇಕಳು ಒಂದು ಕಣ್ಣನ್ನು ಮುಚ್ಚುವಂತೆ ಬಿಟ್ಟ ಉದ್ದನೆಯ ಕೂದಲಿಗೆ ಪ್ರಸಿದ್ಧಳಾಗಿದ್ದಳು. ಯುದ್ಧಕಾಲದಲ್ಲಿ ಕಾರ್ಖಾನೆಗಳಿಗೆ ಸೇರಿದ ಹೆಂಗಸರು ಅದನ್ನು ಅನುಕರಿಸಿದರೆ ಕೂದಲು ಯಂತ್ರಕ್ಕೆ ಸಿಕ್ಕೀತೆಂದು, ಆ ಶೈಲಿಯನ್ನು ಬಿಡುವಂತೆ ಸರ್ಕಾರದವರು ಅವಳನ್ನು ಕೇಳಿಕೊಂಡರು. ಈ ಚಿತ್ರದಲ್ಲಿ ಅವಳ ಕೂದಲು ಬಹುಪಾಲು ಎತ್ತಿ ಕಟ್ಟಿದೆ. ಅಷ್ಟರ ಮಟ್ಟಿಗೆ ವಾಸ್ತವವು ಗೆದ್ದಿತೆನ್ನಬಹುದು. ಉಳಿದಂತೆ ಕಾಡಿನ ಆಸ್ಪತ್ರೆಯಲ್ಲಿಯೂ ತಾರೆಯರ ಮುಖದ ಹೊಳಪು ಮಾಸುವುದಿಲ್ಲ. ಪ್ರೇಮಪ್ರಸಂಗಗಳು ಶುಶ್ರೂಷೆಯ ಕಾಲವನ್ನೆಲ್ಲ ತಿಂದುಹಾಕುವುವು. ಡೇವಿಯು ಕುಸಿದು ಬೀಳಲು ಗಂಡನ ವಿಯೋಗವು ಕಾರಣವಾಯಿತೇ ಹೊರತು, ತಾನು ಬಿಟ್ಟುಬಂದ ರೋಗಿಗಳ ನೆನಪು ಕಾರಣವಾಗಲಿಲ್ಲ.

ನಾಲ್ಕನೆಯದು, ತೆರೆಯ ಮೇಲೆ ಕಾಣಿಸದವರು. ಬಟಾನಿನಲ್ಲಿ ಫಿಲಿಪ್ಪೀನಿನ ನರ್ಸುಗಳೂ ಅದೇ ಹಸಿವಿನಲ್ಲಿ, ಅದೇ ಬಾಂಬುಗಳ ಕೆಳಗೆ ದುಡಿದರು. ಹೆಮ್ಮೆಯ ವಂದನೆಯಲ್ಲಿ ಅವರಿಗೆ ದೊರೆತ ಪಾಲು ಅತ್ಯಲ್ಪ. ಅಮೆರಿಕದಲ್ಲಿಯೇ ಕಪ್ಪು ಜನಾಂಗದ ನರ್ಸುಗಳನ್ನು ಸೈನ್ಯವು ಮಿತವಾದ ಸಂಖ್ಯೆಯಲ್ಲಿ ಮಾತ್ರ ಸೇರಿಸಿಕೊಳ್ಳುತ್ತಿತ್ತು. ಯುದ್ಧಕಾಲದಲ್ಲಿ ಸೈನ್ಯದ ನರ್ಸುಗಳ ದಳದಲ್ಲಿ ೫೦,೦೦೦ಕ್ಕೂ ಹೆಚ್ಚು ಮಂದಿ ಸೇವೆ ಸಲ್ಲಿಸಿದರೆ, ಅವರಲ್ಲಿ ಕಪ್ಪು ಜನಾಂಗದವರು ಸುಮಾರು ೫೦೦ ಮಂದಿ ಮಾತ್ರ. ೧೯೪೫ನೆಯ ಜನವರಿಯಲ್ಲಿ ನರ್ಸುಗಳು ಸಾಲದೆ ಅಧ್ಯಕ್ಷ ರೂಸ್‌ವೆಲ್ಟರು ಅವರನ್ನು ಕಡ್ಡಾಯವಾಗಿ ಸೇರಿಸುವ ಶಾಸನವು ಬೇಕೆಂದು ಕೇಳಬೇಕಾಯಿತು. ಸೇವೆಗೆ ಸಿದ್ಧರಾಗಿ ನಿಂತವರನ್ನು ಬಣ್ಣ ನೋಡಿ ಹಿಂದಕ್ಕೆ ಕಳುಹಿಸುತ್ತ, ಇನ್ನೊಂದು ಕಡೆ ಸೇವಕಿಯರಿಲ್ಲವೆಂದು ಹಲುಬಿದ ಆ ವೈಪರೀತ್ಯವನ್ನು ಇಂದು ಚಿತ್ರವನ್ನು ನೋಡುವವರು ತಿಳಿದಿರಬೇಕು.

ಚಿತ್ರದಾಚೆಯ ಚರಿತ್ರೆ

ಈಗ ಮುಖ್ಯವಾದ ವಿಷಯಕ್ಕೆ ಬರೋಣ. ಈ ಚಿತ್ರಕ್ಕೆ ಆಧಾರಗಳಲ್ಲೊಂದು ಜುವಾನಿಟಾ ರೆಡ್ಮಂಡ್ ಎಂಬ ಸೈನ್ಯದ ನರ್ಸು ಬರೆದ ಅನುಭವ ಕಥನ. ಆಕೆ ಕೊರೆಜಿಡಾರ್ ಬೀಳುವುದಕ್ಕೆ ಸ್ವಲ್ಪ ಮುಂಚೆ ಅಲ್ಲಿಂದ ಹೊರಗೆ ಸಾಗಿಸಲ್ಪಟ್ಟ ಕೆಲವರಲ್ಲಿ ಒಬ್ಬಳು. ಉಳಿದವರ ಗತಿ ಏನಾಯಿತು? ಸೈನ್ಯದ ೬೬ ಮಂದಿ, ನೌಕಾದಳದ ೧೧ ಮಂದಿ, ಒಟ್ಟು ೭೭ ನರ್ಸುಗಳು ಫಿಲಿಪ್ಪೀನಿನಲ್ಲಿ ಸೆರೆಸಿಕ್ಕರು. ೧೯೪೩ರಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ ಜನರು ತೆರೆಯ ಮೇಲಿನ ನರ್ಸುಗಳಿಗಾಗಿ ಕಣ್ಣೀರು ಸುರಿಸುತ್ತಿದ್ದಾಗ, ನಿಜವಾದ ನರ್ಸುಗಳು ಸೆರೆಯಲ್ಲಿ ಇನ್ನೂ ಕೆಲಸ ಮಾಡುತ್ತಲೇ ಇದ್ದರು. ಚಿತ್ರಕ್ಕೆ ಮುಕ್ತಾಯವಿತ್ತು, ಅವರ ಕಥೆಗೆ ಇನ್ನೂ ಮುಕ್ತಾಯವಿರಲಿಲ್ಲ.

ಮೊದಲು ಬಟಾನಿನ ಆಸ್ಪತ್ರೆಗಳ ಸ್ಥಿತಿಯನ್ನು ನೋಡಿರಿ. ಎರಡನೆಯ ನಂಬರಿನ ಆಸ್ಪತ್ರೆಗೆ ಗೋಡೆಯೂ ಇರಲಿಲ್ಲ, ಮಾಡೂ ಇರಲಿಲ್ಲ. ಕಾಡಿನಲ್ಲಿ ಮರಗಳ ಕೆಳಗೆ ಸಾಲುಸಾಲಾಗಿ ಮಂಚಗಳನ್ನು ಹಾಕಿ ಸಾವಿರಗಟ್ಟಲೆ ರೋಗಿಗಳನ್ನು ಮಲಗಿಸಿದ್ದರು. ಒಂದನೆಯ ನಂಬರಿನ ಆಸ್ಪತ್ರೆಯ ಮೇಲೆ ೧೯೪೨ನೆಯ ಮಾರ್ಚ್ ೩೦ರಂದೂ ಏಪ್ರಿಲ್ ೭ರಂದೂ ಬಾಂಬುಗಳು ಬಿದ್ದುವು. ಏಪ್ರಿಲ್ ೮ರ ರಾತ್ರಿ, ನರ್ಸುಗಳು ಕೂಡಲೇ ಕೊರೆಜಿಡಾರಿಗೆ ಹೊರಡಬೇಕೆಂದು ಆಜ್ಞೆಯಾಯಿತು. ಎದ್ದು ನಡೆಯಲಾರದ ರೋಗಿಗಳನ್ನು ಮರಗಳ ಕೆಳಗೆ ಹಾಗೆಯೇ ಬಿಟ್ಟು ಅವರು ಹೊರಡಬೇಕಾಯಿತು. ಎಲಿಝಬೆತ್ ನಾರ್ಮನ್ ಎಂಬಾಕೆ ಆ ನರ್ಸುಗಳಲ್ಲಿ ಬದುಕಿದ್ದವರನ್ನು ಕಂಡು ಮಾತನಾಡಿ, ೧೯೯೯ರಲ್ಲಿ ಅವರ ಚರಿತ್ರೆಯನ್ನು ಪ್ರಕಟಿಸಿದಳು. ಬಾಂಬುಗಳಿಗಿಂತಲೂ ಹಸಿವಿಗಿಂತಲೂ, ರೋಗಿಗಳನ್ನು ಬಿಟ್ಟುಬಂದ ಆ ರಾತ್ರಿಯೇ ಎಷ್ಟೋ ವರ್ಷಗಳ ಮೇಲೂ ಅವರ ಮನಸ್ಸನ್ನು ಕೊರೆಯುತ್ತಿತ್ತೆಂದು ತಿಳಿದುಬರುವುದು. ಹಾಸಿಗೆಯಲ್ಲಿರುವವನು ತನ್ನವನೆಂದು ಭಾವಿಸಿದವಳಿಗೆ ಮಾತ್ರ ಆಗತಕ್ಕ ನೋವು ಇದು.

ಸೆರೆಯಾದ ಸೈನ್ಯದ ನರ್ಸುಗಳನ್ನು ಮನಿಲಾದ ಸಾಂತೋ ತೋಮಾಸ್ ವಿಶ್ವವಿದ್ಯಾಲಯದ ಆವರಣಕ್ಕೆ ಒಯ್ದರು. ಅಲ್ಲಿ ಆಗಲೇ ಸಾವಿರಾರು ಮಂದಿ ವಿದೇಶೀಯ ನಾಗರಿಕರು, ಗಂಡಸರು ಹೆಂಗಸರು ಮಕ್ಕಳೆನ್ನದೆ, ಕೂಡಿಹಾಕಲ್ಪಟ್ಟಿದ್ದರು. ನರ್ಸುಗಳ ಮುಖ್ಯಸ್ಥಳು ಕ್ಯಾಪ್ಟನ್ ಮಾಡ್ ಡೇವಿಸನ್, ಆಗಲೇ ಐವತ್ತೇಳು ವರ್ಷದವಳು. ಅವಳಿಗೆ ಬೆಂಬಲವಾಗಿದ್ದವಳು ಜೋಸೆಫೀನ್ ನೆಸ್ಬಿಟ್. ಇವರು ಮಾಡಿದ ಮೊದಲನೆಯ ಕೆಲಸವೇನು? ಪಾಳಿಯ ಪಟ್ಟಿ ಬರೆದದ್ದು! ಸೆರೆಯಲ್ಲಿದ್ದರೂ ಪ್ರತಿಯೊಬ್ಬಳೂ ದಿನಕ್ಕೆ ನಾಲ್ಕು ಗಂಟೆಯ ಕಾಲ ಶಿಬಿರದ ಆಸ್ಪತ್ರೆಯಲ್ಲಿ ಕೆಲಸ ಮಾಡತಕ್ಕದ್ದು, ಸಮವಸ್ತ್ರವನ್ನು ಧರಿಸತಕ್ಕದ್ದು ಎಂದು ಡೇವಿಸನ್ ನಿಯಮಿಸಿದಳು. ಈ ಬಿಗಿಯನ್ನು ಕಂಡು ಗೊಣಗಿದವರೂ ಇದ್ದಿರಬೇಕು. ಆದರೆ ಆ ಪಟ್ಟಿಯೇ ಅವರನ್ನು ಉಳಿಸಿತೆನ್ನಬಹುದು. ನಾಳೆ ಬೆಳಗ್ಗೆ ನನ್ನ ಪಾಳಿಯಿದೆ, ನನಗಾಗಿ ಕಾಯುವ ರೋಗಿಯಿದ್ದಾನೆ ಎಂಬ ಅರಿವಿದ್ದವಳು ಸೆರೆಮನೆಯಲ್ಲಿಯೂ ಕೇವಲ ಸೆರೆಯಾಳಾಗಿ ಉಳಿಯುವುದಿಲ್ಲ.

೧೯೪೪ರಲ್ಲಿ ಶಿಬಿರವು ಜಪಾನೀ ಸೈನ್ಯದ ನೇರ ಹತೋಟಿಗೆ ಬಂದ ಮೇಲೆ ಆಹಾರವು ಇಳಿಯುತ್ತ ಹೋಯಿತು. ೧೯೪೫ನೆಯ ಜನವರಿಯ ಹೊತ್ತಿಗೆ ಒಬ್ಬೊಬ್ಬರಿಗೆ ದಿನಕ್ಕೆ ಸುಮಾರು ೭೦೦ ಕ್ಯಾಲೊರಿಯಷ್ಟು ಮಾತ್ರ ದೊರೆಯುತ್ತಿತ್ತು. ದುಡಿಯುವ ದೊಡ್ಡವರಿಗೆ ಬೇಕಾದುದರಲ್ಲಿ ಇದು ಮೂರನೆಯ ಒಂದು ಪಾಲನ್ನೂ ಮುಟ್ಟದು. ಸೆರೆಯಾಗುವಾಗ ೧೫೬ ಪೌಂಡು ತೂಕವಿದ್ದ ಡೇವಿಸನ್ ೮೦ ಪೌಂಡಿಗೆ ಇಳಿದಳು. ಹಸಿವಿನಿಂದ ಕಾಲು ಬಾತವರು, ಮೆಟ್ಟಿಲು ಹತ್ತಲಾರದವರು, ತಮ್ಮಂತೆಯೇ ಹಸಿದ ರೋಗಿಗಳನ್ನು ನೋಡಿಕೊಂಡರು. ೧೯೪೫ನೆಯ ಫೆಬ್ರವರಿ ೩ರಂದು ಅಮೆರಿಕದ ಸೈನ್ಯವು ಸಾಂತೋ ತೋಮಾಸನ್ನು ಬಿಡಿಸಿತು. ಲಾರಾ ಕಾಬ್ ಎಂಬವಳ ನಾಯಕತ್ವದಲ್ಲಿದ್ದ ನೌಕಾದಳದ ನರ್ಸುಗಳನ್ನು ೧೯೪೩ರಲ್ಲಿಯೇ ಲಾಸ್ ಬಾನ್ಯೋಸ್ ಎಂಬ ಬೇರೊಂದು ಶಿಬಿರಕ್ಕೆ ಸಾಗಿಸಿದ್ದರು. ಫೆಬ್ರವರಿ ೨೩ರಂದು ಅವರಿಗೂ ಬಿಡುಗಡೆಯಾಯಿತು. ಸುಮಾರು ಮೂರು ವರ್ಷಗಳ ಸೆರೆಯಾದ ಮೇಲೆ ೭೭ ಮಂದಿಯೂ ಜೀವಂತವಾಗಿ ಹೊರಬಂದರು. ಒಬ್ಬಳೂ ಸಾಯಲಿಲ್ಲ.

ತೆರೆಯ ಮೇಲಿನ ಕಥೆಯನ್ನೂ ಇದನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿರಿ. ಚಿತ್ರಕ್ಕೆ ಬೇಕಾದದ್ದು ಒಂದು ಸ್ಫೋಟ, ಒಂದು ಮದುವೆ, ಒಂದು ಪತ್ರ. ಚರಿತ್ರೆಯಲ್ಲಿ ಇದ್ದದ್ದು ಪಾಳಿಯ ಪಟ್ಟಿ, ತೊಳೆದ ಸಮವಸ್ತ್ರ, ನಾಲ್ಕು ಗಂಟೆಯ ಕೆಲಸ. ಅದೂ ಸಾವಿರ ದಿನಗಳ ಕಾಲ. ಮಾಡ್ ಡೇವಿಸನ್ ೧೯೫೬ರಲ್ಲಿ ತೀರಿಕೊಂಡಳು. ಅವಳ ನಾಯಕತ್ವಕ್ಕೆ ಸಲ್ಲಬೇಕಾಗಿದ್ದ ವಿಶಿಷ್ಟ ಸೇವಾ ಪದಕವು ೨೦೦೧ರಲ್ಲಿ, ಎಂದರೆ ಅವಳು ಸತ್ತು ನಲವತ್ತೈದು ವರ್ಷಗಳಾದ ಮೇಲೆ ಸಂದಿತು. ಹೆಮ್ಮೆಯಿಂದ ವಂದಿಸುವೆವೆಂಬ ಚಿತ್ರವು ಹೊರಬಂದು ಆಗ ಐವತ್ತೆಂಟು ವರ್ಷಗಳಾಗಿದ್ದುವು!

ನಮಗೆ ಇದರಿಂದ ಏನು?

ಇದು ದೂರದೇಶದ ಮಾತೆಂದು ತಳ್ಳಿಹಾಕುವಂತಿಲ್ಲ. ನಮ್ಮ ದೇಶಕ್ಕೆ ಸೈನ್ಯದ ನರ್ಸುಗಳು ಮೊದಲು ಬಂದಿಳಿದದ್ದು ೧೮೮೮ರಲ್ಲಿ, ಮುಂಬಯಿಗೆ; ಅವರು ಇಂಗ್ಲೆಂಡಿನಿಂದ ಬಂದ ಸಣ್ಣದೊಂದು ತಂಡ. ಈ ಚಿತ್ರವು ತೆರೆಕಂಡ ೧೯೪೩ನೆಯ ಇಸವಿಯಲ್ಲಿಯೇ ಭಾರತದಲ್ಲಿ ಸೈನಿಕ ಶುಶ್ರೂಷಾ ಸೇವೆಯ ಆರ್ಡಿನೆನ್ಸು ಹೊರಟು, ಆ ಸೇವೆಯಲ್ಲಿದ್ದ ಹೆಂಗಸರಿಗೆ ಸೈನ್ಯದಲ್ಲಿ ಅಧಿಕಾರಿಗಳ ಸ್ಥಾನವು ದೊರೆಯಿತು. ಸ್ವಾತಂತ್ರ್ಯ ಬಂದ ೧೯೪೭ರಲ್ಲಿಯೇ ಭಾರತೀಯ ನರ್ಸಿಂಗ್ ಕೌನ್ಸಿಲಿನ ಕಾಯಿದೆಯಾಗಿ, ದೇಶಕ್ಕೆಲ್ಲ ಒಂದೇ ಮಟ್ಟದ ಶಿಕ್ಷಣಕ್ಕೆ ದಾರಿಯಾಯಿತು. ಕಾಯಿದೆಯ ಪುಸ್ತಕದಲ್ಲಿ ಗೌರವವು ಹೀಗೆ ಬರೆಯಲ್ಪಟ್ಟಿತು. ಜನರ ಮನಸ್ಸಿನಲ್ಲಿಯೋ?

ನಮ್ಮ ಭಾಷೆಯೇ ಇದಕ್ಕೆ ಸಾಕ್ಷಿ ಹೇಳುವುದು. ಆಸ್ಪತ್ರೆಯ ಮಂಚದ ಮೇಲೆ ಮಲಗಿದಾಗ ನಾವು ‘ನರ್ಸಮ್ಮ’ ಎನ್ನುತ್ತೇವೆ, ‘ಸಿಸ್ಟರ್’ ಎನ್ನುತ್ತೇವೆ. ತಾಯಿಯ ಹೆಸರನ್ನೂ ಅಕ್ಕನ ಹೆಸರನ್ನೂ ಕೊಡುತ್ತೇವೆ. ಗುಣಹೊಂದಿ ಮನೆಗೆ ಬಂದ ಮೇಲೆ, ಅದೇ ಅಮ್ಮನ, ಅದೇ ಅಕ್ಕನ ಸಂಬಳವೆಷ್ಟು, ರಾತ್ರಿಯ ಪಾಳಿ ಮುಗಿಸಿ ಅವಳು ಮನೆ ಸೇರುವುದು ಹೇಗೆ, ಒಬ್ಬಳ ಕೈಗೆ ಎಷ್ಟು ರೋಗಿಗಳನ್ನು ಒಪ್ಪಿಸಿರುವರು ಎಂದು ಕೇಳುವುದೇ ಇಲ್ಲ. ೨೦೨೦ನೆಯ ಮಾರ್ಚ್ ೨೨ರ ಸಂಜೆ ಐದು ಗಂಟೆಗೆ ದೇಶದ ಜನರು ಬಾಗಿಲಿಗೆ ಬಂದು ಚಪ್ಪಾಳೆ ತಟ್ಟಿ, ತಟ್ಟೆ ಬಾರಿಸಿ, ಕೊರೋನಾ ರೋಗಿಗಳ ಸೇವೆಯಲ್ಲಿದ್ದವರಿಗೆ ವಂದನೆ ಸಲ್ಲಿಸಿದರು. ಅದು ಒಳ್ಳೆಯ ಮನಸ್ಸಿನ ಕೆಲಸವೇ. ಆದರೆ ಅದೇ ದಿನಗಳಲ್ಲಿ, ಸೋಂಕಿನ ಭಯದಿಂದ ಬಾಡಿಗೆಯ ಮನೆಯನ್ನು ಬಿಡಬೇಕೆಂದು ನರ್ಸುಗಳನ್ನೂ ವೈದ್ಯರನ್ನೂ ಒತ್ತಾಯಿಸಿದ ಸುದ್ದಿಗಳೂ ಪತ್ರಿಕೆಗಳಲ್ಲಿ ಬಂದುವು. ತಟ್ಟೆಯ ಶಬ್ದವು ಅಡಗುವ ಮೊದಲೇ ಬಾಗಿಲು ಮುಚ್ಚಿತು. ಪೂಜೆಗೂ ಗೌರವಕ್ಕೂ ಇರುವ ಅಂತರವು ಇದು. ಪೂಜೆಯು ಒಂದು ಗಳಿಗೆಯಲ್ಲಿ ಮುಗಿಯುವುದು. ಗೌರವವು ಆ ಕೆಲಸವನ್ನು ಅರಿತು, ಅದು ನಡೆಯುವುದಕ್ಕೆ ಬೇಕಾದುದನ್ನು ಒದಗಿಸುವುದು.

ನೋಡುವವರಿಗೆ ಮೂರು ಪ್ರಶ್ನೆಗಳು

ಈ ಚಿತ್ರವನ್ನು ನೋಡಬಾರದೆಂದು ನನ್ನ ಮತವಲ್ಲ. ನೋಡಲೇಬೇಕು, ಆದರೆ ಮೂರು ಪ್ರಶ್ನೆಗಳನ್ನು ಜೊತೆಯಲ್ಲಿಟ್ಟುಕೊಂಡು ನೋಡಬೇಕು. ಇಂತಹ ಯಾವ ಚಿತ್ರಕ್ಕಾದರೂ ಇವು ಸಲ್ಲುವುವು.

ಒಂದು: ಅವಳ ಮುಖವನ್ನು ಬಿಟ್ಟು ಕೈಗಳನ್ನು ನೋಡಿರಿ. ಆ ಕೈಗಳು ಏನು ಮಾಡುತ್ತಿವೆ? ಪಟ್ಟಿ ಕಟ್ಟುತ್ತಿವೆಯೇ, ಗುಳಿಗೆ ಎಣಿಸುತ್ತಿವೆಯೇ, ಕಾಗದದಲ್ಲಿ ಜ್ವರದ ಲೆಕ್ಕ ಬರೆಯುತ್ತಿವೆಯೇ? ಇಲ್ಲವೆ ಬರಿದೇ ಜೋಡಿಸಿಕೊಂಡಿವೆಯೇ? ಕೈಗಳಿಗೆ ಕೆಲಸವಿರುವ ನೋಟಗಳಲ್ಲಿ ಚಿತ್ರವು ಸತ್ಯವನ್ನು ಹೇಳುತ್ತಿರುವುದು.

ಎರಡು: ಇಲ್ಲಿ ಯಾರು ಕಾಣಿಸುತ್ತಿಲ್ಲ? ನೆಲ ಸಾರಿಸುವವಳು, ಬಟ್ಟೆ ಒಗೆಯುವವಳು, ಆ ನಾಡಿನವಳೇ ಆದ ನರ್ಸು, ಶತ್ರುವಿನ ಕಡೆಯ ಗಾಯಾಳು, ಇವರೆಲ್ಲರೂ ಎಲ್ಲಿ?

ಮೂರು: ಚಿತ್ರವು ಮುಗಿದ ಮರುದಿನ ಅವಳಿಗೆ ಏನಾಯಿತು? ಸಂಗೀತವು ನಿಂತ ಮೇಲೆ ಅವಳ ಪಾಳಿ ಎಷ್ಟು ಹೊತ್ತಿಗೆ?

ತಾಯಿತಂದೆಗಳಲ್ಲಿ ಒಂದು ವಿನಂತಿ. ಮಗಳು ಬಂದು ನಾನು ನರ್ಸಿಂಗ್ ಓದುವೆನೆಂದರೆ, ಅದು ದೇವತೆಯ ಕೆಲಸವೆಂದು ಹೇಳಿ ಅವಳನ್ನು ಉಬ್ಬಿಸಬೇಡಿರಿ. ನಮ್ಮಂತಹವರ ಮನೆಯ ಹುಡುಗಿಗೆ ತಕ್ಕುದಲ್ಲವೆಂದು ಹೇಳಿ ಅವಳನ್ನು ಕುಗ್ಗಿಸಲೂ ಬೇಡಿರಿ. ಮೂರು ವರ್ಷದ ಜಿ. ಎನ್. ಎಂ. ಶಿಕ್ಷಣವಿದೆ, ನಾಲ್ಕು ವರ್ಷದ ಬಿ. ಎಸ್‌ಸಿ. ನರ್ಸಿಂಗ್ ಇದೆ. ಕಾಲೇಜಿಗೆ ಕೌನ್ಸಿಲಿನ ಮಾನ್ಯತೆಯಿದೆಯೇ, ಕಲಿಯಲು ಸಾಕಷ್ಟು ರೋಗಿಗಳಿರುವ ಆಸ್ಪತ್ರೆಯು ಅದಕ್ಕೆ ಸೇರಿದೆಯೇ, ಹಾಸ್ಟೆಲು ಹೇಗಿದೆ, ಮುಂದೆ ಕೆಲಸಕ್ಕೆ ಸೇರುವಲ್ಲಿ ಸಂಬಳವೂ ಪಾಳಿಯೂ ನ್ಯಾಯವಾಗಿವೆಯೇ ಎಂದು ವಿಚಾರಿಸಿರಿ. ನೆರೆಮನೆಯಲ್ಲಿಯೋ ಬಂಧುಗಳಲ್ಲಿಯೋ ಈ ವೃತ್ತಿಯಲ್ಲಿರುವವಳೊಬ್ಬಳು ಇದ್ದರೆ, ಮಗಳನ್ನು ಅವಳ ಬಳಿಗೆ ಕಳುಹಿಸಿ ಒಂದು ಗಂಟೆ ಮಾತನಾಡಿಸಿರಿ. ಎಂತಹ ಚಿತ್ರಕ್ಕಿಂತಲೂ ಆ ಒಂದು ಗಂಟೆಯಲ್ಲಿ ಅವಳು ಹೆಚ್ಚು ಕಲಿಯುವಳು.

ಈಗಾಗಲೇ ಈ ವೃತ್ತಿಯಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಹೇಳಬೇಕಾದುದು ಇಷ್ಟೇ. ನಿಮ್ಮ ಕೆಲಸವನ್ನು ಕುರಿತು ನೀವೇ ಬರೆಯಿರಿ. ಜುವಾನಿಟಾ ರೆಡ್ಮಂಡ್ ಬರೆದಿದ್ದರಿಂದ ಆ ಚಿತ್ರಕ್ಕೆ ಒಂದಿಷ್ಟು ಸತ್ಯವು ದೊರೆಯಿತು. ಉಳಿದವರನ್ನು ಯಾರೋ ಒಬ್ಬರು ಕೂತು ಕೇಳಿದ್ದರಿಂದ ಅವರ ಚರಿತ್ರೆಯು ಐವತ್ತು ವರ್ಷಗಳ ಮೇಲಾದರೂ ಉಳಿಯಿತು. ನಿಮ್ಮ ರಾತ್ರಿಯ ಪಾಳಿಗಳ ಕಥೆಯನ್ನು ನೀವು ಬರೆಯದಿದ್ದರೆ, ಅದನ್ನು ನೋಡದವರು ಬರೆಯುವರು. ಅವರು ಮತ್ತೆ ದೀಪವನ್ನ ೂ ಮಂದಹಾಸವನ್ನೂ ಮಾತ್ರ ಬರೆಯುವರು. ಮುಂದಿನ ಸಂಚಿಕೆಯ ಪುಟಗಳು ನಿಮ್ಮ ಬರಹಕ್ಕಾಗಿ ಕಾದಿರಲಿ.